ಗಟ್ಟಿ ಹಾಸಿಗೆ: ಮಲಗುವ ಭಂಗಿ ಮತ್ತು ಅಗ್ಗದ ಆಯ್ಕೆ

ಮೈಭಾರಕ್ಕೆ ಹೆಚ್ಚು ಕುಸಿಯದೆ ಬೇಗ ಎದುರೊತ್ತುವ ಹಾಸಿಗೆಯನ್ನು ಗಟ್ಟಿ ಹಾಸಿಗೆ ಎನ್ನುತ್ತಾರೆ. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ಗಟ್ಟಿ ಹಾಸಿಗೆಗಳಲ್ಲಿ ಮೂರು ಬಗೆಗಳು ಮುಖ್ಯ: ಹತ್ತಿ ತುಂಬಿದ ಗಾದಿ, ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಕಾಯಿಸಿ ಒತ್ತಿದ ಕಾಯರ್ ಹಾಸಿಗೆ, ಫೋಮಿನ ಚೂರುಗಳನ್ನು ಅಂಟಿನಿಂದ ಬೆಸೆದ ರೀಬಾಂಡೆಡ್ ಫೋಮ್. ಕಾಯರ್ ಹಾಸಿಗೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1962ರಲ್ಲಿ ಇಲ್ಲಿ ಹುಟ್ಟಿದ ಕರ್ಲಾನ್ ಎಷ್ಟು ಬಳಕೆಗೆ ಬಂತೆಂದರೆ, ಎಷ್ಟೋ ಮನೆಗಳಲ್ಲಿ ಯಾವ ಕಂಪನಿಯ ಕಾಯರ್ ಹಾಸಿಗೆಯಾದರೂ ‘ಕರ್ಲಾನ್’ ಎಂದೇ ಕರೆಸಿಕೊಂಡಿತು. ಈ ಮೂರೂ ಬಗೆಗಳಲ್ಲಿ ಗಟ್ಟಿತನ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಆದ್ದರಿಂದ ಕೊಳ್ಳುವವರು ‘ಎಷ್ಟು ಗಟ್ಟಿ’ ಎಂದು ಕೇಳುವುದಕ್ಕಿಂತ, ಆ ಗಟ್ಟಿ ತಳದ ಮೇಲೆ ತಮ್ಮ ಮಲಗುವ ಭಂಗಿಗೆ ತಕ್ಕ ಮೆದು ಪದರ ಇದೆಯೇ ಎಂದು ನೋಡುವುದು ಮೇಲು.

ಬೆನ್ನಿಗೆ ಗಟ್ಟಿ ಹಾಸಿಗೆಯೇ ಒಳ್ಳೆಯದು ಎಂಬ ಮಾತು ಹಳೆಯದು; ವೈದ್ಯರೂ ಅದನ್ನು ಬಹುಕಾಲ ಹೇಳುತ್ತ ಬಂದರು. ಅದನ್ನು ಪ್ರಯೋಗಕ್ಕೆ ಒಡ್ಡಿದ್ದು ತಡವಾಗಿ. ಸ್ಪೇನಿನ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಸಂಗಡಿಗರು ದೀರ್ಘಕಾಲದ ಸೊಂಟನೋವಿದ್ದ 313 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ನಡುಗಟ್ಟಿ ಹಾಸಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆ ಎಂದು ಮಲಗುವವರಿಗೆ ತಿಳಿಸಿರಲಿಲ್ಲ. 90 ದಿನಗಳ ಬಳಿಕ ನೋಡಿದಾಗ, ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡ್ಡಿ ಮೂರರಲ್ಲೂ ನಡುಗಟ್ಟಿ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. 2003ರಲ್ಲಿ ‘ದ ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅಳತೆ ಮೀರಿ ಎಳೆಯಬಾರದು. ಅವರೆಲ್ಲ ಆಗಲೇ ನೋವಿದ್ದವರು. ಅಲ್ಲಿ ಬಳಸಿದ್ದು 1ರಿಂದ 10ರವರೆಗಿನ ಯುರೋಪಿನ ಗಟ್ಟಿತನದ ಮಾನ. ನಮ್ಮ ಅಂಗಡಿಯ ಚೀಟಿಯಲ್ಲಿರುವ ‘ಮೀಡಿಯಂ ಫರ್ಮ್’ ಎಂಬುದು ಅದಕ್ಕೆ ಸಮ ಎಂದು ಹೇಳಲು ಆಧಾರವಿಲ್ಲ, ಒಂದು ಕಂಪನಿಯ ಮೀಡಿಯಂ ಇನ್ನೊಂದರ ಗಟ್ಟಿಯಾಗಿರಬಹುದು. ‘ಆರ್ಥೊಪೆಡಿಕ್’ ಎಂಬ ಹಣೆಪಟ್ಟಿಯೂ ಮಾರಾಟದ ಮಾತೇ ಹೊರತು ಆಸ್ಪತ್ರೆಯ ಶಿಫಾರಸಲ್ಲ. ಇಷ್ಟಾದರೂ ಗಟ್ಟಿ ಹೆಚ್ಚಿದಷ್ಟೂ ಬೆನ್ನಿಗೆ ಹಿತ ಎಂಬ ಲೆಕ್ಕವನ್ನು ಆ ಪ್ರಯೋಗ ಮುರಿದಿದೆ.

ಗಟ್ಟಿತನ ಹೆಚ್ಚಿದರೆ ಏನಾಗುತ್ತದೆ ಎಂಬುದು ಭಂಗಿಯನ್ನು ನೋಡಿದರೆ ತಿಳಿಯುತ್ತದೆ. ಅಂಗಾತ ಮಲಗಿದಾಗ ಭಾರ ಬೆನ್ನು, ಪೃಷ್ಠ, ಹಿಮ್ಮಡಿಗಳ ಮೇಲೆ ಹರಡಿಕೊಳ್ಳುತ್ತದೆ. ಸೊಂಟದ ಗುಳಿಗೆ ಸ್ವಲ್ಪ ಆಸರೆ ಸಿಕ್ಕರೆ ಸಾಕು, ಗಟ್ಟಿ ಹಾಸಿಗೆ ಬಹುಮಟ್ಟಿಗೆ ಒಗ್ಗುತ್ತದೆ. ಬೋರಲು ಮಲಗುವವರಿಗೆ ಅದು ಇನ್ನೂ ಅಗತ್ಯ. ಮೆದು ಹಾಸಿಗೆಯಲ್ಲಿ ಹೊಟ್ಟೆ, ಸೊಂಟ ಕೆಳಗಿಳಿದು ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಕುತ್ತಿಗೆ ರಾತ್ರಿಯಿಡೀ ಒಂದೇ ಕಡೆಗೆ ತಿರುಚಿಕೊಂಡಿರುವುದು ಬೇರೆ. ಅದಕ್ಕೆ ತೀರ ತೆಳುವಾದ ದಿಂಬು ಬೇಕು, ಇಲ್ಲದಿದ್ದರೂ ನಡೆದೀತು. ಮಗ್ಗುಲಾಗಿ ಮಲಗುವವರ ಕಥೆಯೇ ಬೇರೆ. ಇಡೀ ಭಾರ ಭುಜ ಮತ್ತು ತೊಡೆಸಂದಿನ ಎರಡು ಉಬ್ಬುಗಳ ಮೇಲೆ ಬೀಳುತ್ತದೆ, ನಡುವಿನ ಸೊಂಟ ತೂಗಿಬೀಳುತ್ತದೆ. ಆ ಉಬ್ಬುಗಳು ಒಂದಿಷ್ಟು ಒಳಗಿಳಿದರೆ ಮಾತ್ರ ಬೆನ್ನುಮೂಳೆ ನೇರವಾಗಿ ನಿಲ್ಲುತ್ತದೆ. ಬರೀ ಕಾಯರ್ ಅಥವಾ ರೀಬಾಂಡೆಡ್ ಹಾಸಿಗೆ ಅದಕ್ಕೆ ಎಡೆಗೊಡುವುದಿಲ್ಲ; ಕೈ ಜೋಮು ಹಿಡಿಯುವುದು, ಪದೇಪದೇ ಮಗ್ಗುಲು ಬದಲಿಸುವುದು ಅದರ ಫಲ. ಇಂಥವರಿಗೆ ಗಟ್ಟಿ ತಳದ ಮೇಲೆ ಒಂದೆರಡು ಅಂಗುಲದ ಮೆದು ಫೋಮ್ ಅಥವಾ ಲ್ಯಾಟೆಕ್ಸ್ ಪದರವೂ, ಭುಜ ಮತ್ತು ಕಿವಿಯ ನಡುವಿನ ಎಡೆ ತುಂಬುವಷ್ಟು ಎತ್ತರದ ದಿಂಬೂ ಬೇಕು.

ನಿದ್ದೆಯಲ್ಲಿ ಯಾರೂ ಒಂದೇ ಭಂಗಿಯಲ್ಲಿ ಇರುವುದಿಲ್ಲ, ಹಾಗಿರುವಾಗ ಭಂಗಿ ನೋಡಿ ಹಾಸಿಗೆ ಆರಿಸುವುದು ವ್ಯರ್ಥ ಎಂದು ಯಾರಾದರೂ ಆಕ್ಷೇಪಿಸಬಹುದು. ಹೊರಳುವುದು ನಿಜ. ಆದರೆ ಸಮಯ ಸಮನಾಗಿ ಹಂಚಿಹೋಗುವುದಿಲ್ಲ. ಡೆನ್ಮಾರ್ಕಿನ 664 ವಯಸ್ಕರ ಮೈಗೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದ ಅಧ್ಯಯನದಲ್ಲಿ, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಗ್ಗುಲಲ್ಲೇ ಹೋಗಿತ್ತು. ಬೋರಲು ಭಂಗಿಗೆ ಹತ್ತನೆಯ ಒಂದು ಪಾಲೂ ಬಂದಿರಲಿಲ್ಲ. ಹೊರಳಾಟ ಇದೆ ಎಂದಮೇಲೆ ಅತಿ ಹೆಚ್ಚು ಬೇಡುವ ಭಂಗಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು ವಿವೇಕ, ಆ ಭಂಗಿ ಮಗ್ಗುಲು. ತೆಳು ಮೆದು ಪದರದಿಂದ ಅಂಗಾತ ಮಲಗಿದಾಗ ನಷ್ಟವೇನಿಲ್ಲ. ಮೇಲ್ಪದರವೇ ಇಲ್ಲದಿದ್ದರೆ ಮಗ್ಗುಲಿಗೆ ನಷ್ಟ ಖಂಡಿತ. ಅಭ್ಯಾಸದಿಂದ ಬೋರಲೇ ಮಲಗುವವರು ಮಾತ್ರ ಇದಕ್ಕೆ ಹೊರತು.

ಇನ್ನೊಂದು ಆಕ್ಷೇಪ ಹಿರಿಯರ ಹೆಸರಿನಲ್ಲಿ ಬರುತ್ತದೆ: ಅವರು ಚಾಪೆಯ ಮೇಲೆ ಮಲಗಿ ಗಟ್ಟಿಮುಟ್ಟಾಗಿರಲಿಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ, ಎಳವೆಯಿಂದ ನೆಲಕ್ಕೆ ಒಗ್ಗಿದ ಮೈಗೆ ನೆಲವೇ ಹಿತ. ಆದರೆ ಚಾಪೆಯ ಮೇಲೆ ಕೌದಿಯೋ ಹತ್ತಿಯ ಗಾದಿಯೋ ಬೀಳುತ್ತಿತ್ತು ಎಂಬುದನ್ನು ಈ ವಾದ ಮರೆಯುತ್ತದೆ. ಗಟ್ಟಿ ತಳದ ಮೇಲೆ ಮೆದು ಪದರ ಎಂಬ ಏರ್ಪಾಟು ಅಲ್ಲೂ ಇತ್ತು. ಒತ್ತಿಹೋದ ಹತ್ತಿಯನ್ನು ಮತ್ತೆ ಹಿಂಜಿಸುವ ಪದ್ಧತಿ ಇದ್ದದ್ದು, ಉತ್ತರ ಕರ್ನಾಟಕದ ಪಿಂಜಾರರಿಗೆ ಅದೇ ಕುಲಕಸುಬಾಗಿದ್ದದ್ದು ಸುಮ್ಮನೆ ಅಲ್ಲ: ಹೆಂಟೆಗಟ್ಟಿದ ಗಾದಿ ನೆಲದಷ್ಟೇ ಗಟ್ಟಿ, ಅದನ್ನು ಯಾರೂ ಬಯಸಿ ಇಟ್ಟುಕೊಳ್ಳುತ್ತಿರಲಿಲ್ಲ.

ಅಗ್ಗದ ಹಾಸಿಗೆ ಕೊಳ್ಳುವಾಗ ಹೆಚ್ಚು ಮೋಸಹೋಗುವುದು ‘ಡೆನ್ಸಿಟಿ’ ಎಂಬ ಅಂಕಿಯಲ್ಲಿ. ಅದು ಒಂದು ಘನ ಮೀಟರ್ ಫೋಮಿನ ತೂಕ, ಗಟ್ಟಿತನದ ಅಳತೆಯಲ್ಲ. ಒಂದೇ ಡೆನ್ಸಿಟಿಯ ಫೋಮನ್ನು ಮೆದುವಾಗಿಯೂ ಗಟ್ಟಿಯಾಗಿಯೂ ತಯಾರಿಸಬಹುದು. ಅಂಗಡಿಯವರ ಮಾತನ್ನು ತಕ್ಕಡಿಯಲ್ಲಿಟ್ಟು ನೋಡಲು ಸಾಧ್ಯವಿದೆ: 72 ಅಂಗುಲ ಉದ್ದ, 36 ಅಂಗುಲ ಅಗಲ, 5 ಅಂಗುಲ ದಪ್ಪದ ಫೋಮಿನ ಗಾತ್ರ ಸುಮಾರು 0.21 ಘನ ಮೀಟರ್. ಅದು ನಿಜಕ್ಕೂ 32 ಡೆನ್ಸಿಟಿಯದಾದರೆ ಹೊದಿಕೆ ಬಿಟ್ಟು ಸುಮಾರು 6.8 ಕಿಲೋ ತೂಗಬೇಕು, 40ರದಾದರೆ 8.5 ಕಿಲೋ. ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಹೆಚ್ಚಿಸುವ ರೂಢಿಯೂ ಇರುವುದರಿಂದ ಇದೇ ಕೊನೆಯ ಪರೀಕ್ಷೆಯಲ್ಲ. ತೂಕ ಕಡಿಮೆ ಬಂದರೆ ಮಾತ್ರ ಹೇಳಿದ್ದು ಸುಳ್ಳು ಎಂದು ಖಚಿತ. ಮೈಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 50 ಕಿಲೋದವರಿಗೆ ಕಲ್ಲಿನಂತೆ ಅನ್ನಿಸುವ ಹಾಸಿಗೆ 90 ಕಿಲೋದವರಿಗೆ ಹದವಾಗಿರಬಹುದು. ಅಂಗಡಿಯಲ್ಲಿ ಕುಳಿತು ಒತ್ತಿ ನೋಡುವುದು ಕೆಲಸಕ್ಕೆ ಬಾರದು. ಮಲಗಬೇಕು, ಹತ್ತು ನಿಮಿಷವಾದರೂ. ಅಂಗಾತ ಮಲಗಿ ಸೊಂಟದಡಿ ಅಂಗೈ ತೂರಿಸಿದಾಗ ಸರಾಗವಾಗಿ ಆಚೆ ದಾಟಿದರೆ ಗಟ್ಟಿ ಹೆಚ್ಚಾಯಿತು, ತೂರಿಸಲೇ ಆಗದಿದ್ದರೆ ಮೆದು ಹೆಚ್ಚಾಯಿತು. ಮಗ್ಗುಲಾಗಿ ಮಲಗಿದಾಗ ಜೊತೆಗೆ ಬಂದವರು ಹಿಂದಿನಿಂದ ನೋಡಿ ಬೆನ್ನುಮೂಳೆ ನೇರವಿದೆಯೇ ಹೇಳಬಲ್ಲರು.

ಹಾಸಿಗೆ ಸರಿಯಿದ್ದರೂ ಮಂಚ ಕೆಡಿಸುವುದುಂಟು. ನವಾರು ಪಟ್ಟಿಯ ಮಂಚ ನಡುವೆ ಜೋತುಬಿದ್ದಿದ್ದರೆ ಎಂಥ ಕಾಯರ್ ಹಾಸಿಗೆಯೂ ಅದರ ಆಕಾರಕ್ಕೇ ಬಾಗುತ್ತದೆ. ಹೊಸ ಹಾಸಿಗೆಗಿಂತ ಮೊದಲು ಪ್ಲೈವುಡ್ ಹಲಗೆಯ ಖರ್ಚು ಮಾಡಬೇಕು. ಪೂರ್ತಿ ಗಟ್ಟಿತನವೇ ನಿಯಮವಾಗಿರುವುದು ಹಸುಗೂಸುಗಳಿಗೆ ಮಾತ್ರ: ಅವುಗಳನ್ನು ದಿಂಬಿಲ್ಲದ, ತಗ್ಗದ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸಬೇಕು ಎಂದು ಮಕ್ಕಳ ವೈದ್ಯರು ಹೇಳುವುದು ಉಸಿರುಗಟ್ಟುವ ಅಪಾಯ ತಪ್ಪಿಸಲು, ಬೆನ್ನಿನ ಸಲುವಾಗಿ ಅಲ್ಲ. ಮತ್ತೊಂದು ತುದಿಯಲ್ಲಿ, ಹಾಸಿಗೆ ಹಿಡಿದ ವೃದ್ಧರಿಗೆ ಗಟ್ಟಿ ಕಾಯರ್ ಹಾಸುವುದು ಹಾನಿ. ಒಂದೇ ಕಡೆ ಒತ್ತಡ ಬಿದ್ದು ಹಾಸಿಗೆ ಹುಣ್ಣಾಗುತ್ತದೆ, ಅವರಿಗೆ ಗಾಳಿ ತುಂಬಿದ ಹಾಸಿಗೆಯೋ ಒತ್ತಡ ಹಂಚುವ ಫೋಮೋ ಬೇಕು.