ಗ್ಯಾಲಪಗೋಸ್ ಕಿರುಹಡಗು ವಿಹಾರ

ಈಕ್ವೆಡಾರ್ ತೀರದಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ನಡುವಿನ ಪ್ರವಾಸಿ ಯಾನ. ಇಲ್ಲಿ ಹಡಗೊಂದಕ್ಕೆ 100 ಪ್ರಯಾಣಿಕರೇ ಮಿತಿ. 16 ಜನರ ಐಷಾರಾಮಿ ನೌಕೆಗಳೂ ಇವೆ. ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ. ಬೆಳಗ್ಗೆ ‘ಪಾಂಗಾ’ ಎಂಬ ಸಣ್ಣ ದೋಣಿಯಲ್ಲಿ ದಡ ಸೇರಬೇಕು. ಕೆಲವೆಡೆ ಬಂಡೆಯ ಮೇಲೆ ಕಾಲಿಡಬಹುದು, ಕೆಲವೆಡೆ ನೀರಿಗಿಳಿದೇ ನಡೆಯಬೇಕು. ರಾಷ್ಟ್ರೀಯ ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿರುತ್ತಾನೆ. ಪ್ರಾಣಿಗಳಿಂದ 2 ಮೀಟರ್ ದೂರ ಕಡ್ಡಾಯ. ಆದರೂ ಕಡಲಸಿಂಹದ ಮರಿ ತಾನಾಗಿ ಹತ್ತಿರ ಬರುವುದುಂಟು. ಮನುಷ್ಯನ ಭಯವರಿಯದ ಆ ನಿರಾಳತೆಯೇ ಈ ಯಾನದ ನಿಜವಾದ ವೈಭವ. ಡಿಸೆಂಬರ್‌ನಿಂದ ಮೇವರೆಗೆ ಕಡಲು ಬೆಚ್ಚಗೆ, ಶಾಂತ. ಜೂನ್‌ನಿಂದ ನವೆಂಬರ್‌ವರೆಗೆ ಹಂಬೋಲ್ಟ್ ಎಂಬ ಶೀತ ಸಾಗರಪ್ರವಾಹದಿಂದ ನೀರು ತಣ್ಣಗೆ, ಅಲೆ ಜೋರು. ಆದರೆ ಮೀನು, ಹಕ್ಕಿಗಳಿಗೆ ಅದೇ ಸುಗ್ಗಿ. ಹಡಗು ಹೊರಡುವ ಹಿಂದಿನ ದಿನವೇ, ದ್ವೀಪಗಳಿಗೆ ವಿಮಾನವಿರುವ ಈಕ್ವೆಡಾರ್‌ನ ಕೀಟೊ ಅಥವಾ ಗ್ವಾಯಾಕಿಲ್ ನಗರ ತಲುಪುವುದು ಒಳಿತು.