ಐ ವಿಲ್ ಆಲ್ವೇಸ್ ಲವ್ ಯೂ

ಅಮೆರಿಕದ ಗಾಯಕಿ ಡಾಲಿ ಪಾರ್ಟನ್ 1973ರಲ್ಲಿ ಬರೆದು, ಅದೇ ವರ್ಷ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಿಸಿದ ಕಂಟ್ರಿ ಗೀತೆ. 1974ರಲ್ಲಿ ಬಿಡುಗಡೆಯಾಗಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಪ್ರೇಮಗೀತೆಯೆಂದು ಪ್ರಸಿದ್ಧವಾದರೂ ಇದರ ಮೂಲ ಪ್ರಣಯವಲ್ಲ. ಪೋರ್ಟರ್ ವ್ಯಾಗನರ್ ನಡೆಸುತ್ತಿದ್ದ ಟಿ.ವಿ. ಕಾರ್ಯಕ್ರಮಕ್ಕೆ 1967ರಲ್ಲಿ ಸೇರಿದ ಪಾರ್ಟನ್, ಅದನ್ನು ಬಿಟ್ಟು ಸ್ವಂತ ದಾರಿ ಹಿಡಿಯುವಾಗ ತಮ್ಮನ್ನು ಬೆಳಕಿಗೆ ತಂದ ಹಿರಿಯರಿಗೆ ಹೇಳಬೇಕಾದುದನ್ನು ಹಾಡಾಗಿ ಬರೆದರು. ಹಾಗಾದರೆ ಲಕ್ಷಾಂತರ ಕೇಳುಗರು ಇದನ್ನು ನಲ್ಲ-ನಲ್ಲೆಯರ ಅಗಲಿಕೆಯೆಂದು ತಿಳಿದದ್ದು ತಪ್ಪೇ ಎಂಬ ಪ್ರಶ್ನೆ ಏಳುತ್ತದೆ. ತಪ್ಪೇನಿಲ್ಲ, ಹಾಡು ಅದಕ್ಕೆ ಎಡೆಮಾಡಿಕೊಟ್ಟಿದೆ. ಕುಡಿತ, ಮೋಸ, ಮುರಿದ ಸಂಸಾರಗಳ ಕಥೆ ಹೇಳುವುದು ಕಂಟ್ರಿ ಗೀತೆಗಳ ರೂಢಿ. ಇಲ್ಲಿ ಹೊರಟವಳು ಯಾರು, ಬಿಡುತ್ತಿರುವುದು ಯಾರನ್ನು, ಜಗಳವೇನು ಎಂಬುದು ಒಂದೂ ಇಲ್ಲ. ದೂರದೆ, ಹರಸಿ ಹೊರಡುವ ಮಾತಷ್ಟೇ ಇರುವುದರಿಂದ ಅದು ಯಾವ ಬೀಳ್ಕೊಡುಗೆಗೂ ಒಗ್ಗುತ್ತದೆ.

ನಿಜವಾದ ಅಗಲಿಕೆ ಇಷ್ಟು ಮೃದುವಾಗಿರಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು: 1979ರಲ್ಲಿ ವ್ಯಾಗನರ್ ಪಾರ್ಟನ್ ಮೇಲೆ ಮೊಕದ್ದಮೆ ಹೂಡಿದರು, ಅದು ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಆದರೆ ಹಾಡಿನ ಮೃದುತ್ವವನ್ನು ಮೆತ್ತಗಿನ ಸ್ವಭಾವವೆಂದು ಓದುವುದೇ ಸರಿಯಲ್ಲ. ಎಲ್ವಿಸ್ ಪ್ರೀಸ್ಲಿ ಇದನ್ನು ಹಾಡಲು ಬಯಸಿದಾಗ ಅವರ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್ ಪ್ರಕಾಶನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು, ಪಾರ್ಟನ್ ಒಪ್ಪಲಿಲ್ಲ. ಪ್ರೀತಿ ಉಳಿಸಿಕೊಂಡೂ ತನ್ನದನ್ನು ಬಿಟ್ಟುಕೊಡದ ಈ ನಿಲುವು ಹಾಡಿನೊಳಗೂ ಇದೆ. ಅಲ್ಲಿ ಹೊರಡುವ ನಿರ್ಧಾರ ಒಮ್ಮೆಯೂ ಸಡಿಲಗೊಳ್ಳುವುದಿಲ್ಲ.

ಹಾಡಿನ ಕೀರ್ತಿಯೆಲ್ಲ ವಿಟ್ನಿ ಹ್ಯೂಸ್ಟನ್ ಕಂಠದ್ದು ಎನ್ನುವವರೂ ಉಂಟು. 1992ರ 'ದಿ ಬಾಡಿಗಾರ್ಡ್' ಚಿತ್ರಕ್ಕೆ ಅವರು ಹಾಡಿದ್ದು ಅಮೆರಿಕದ ಮುಖ್ಯ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು ಎಂಬುದು ನಿಜ. ಆದರೆ ಅದಕ್ಕೆ ಹತ್ತು ವರ್ಷ ಮುಂಚೆಯೇ, 1982ರಲ್ಲಿ, ಪಾರ್ಟನ್ ಇನ್ನೊಂದು ಚಿತ್ರಕ್ಕಾಗಿ ಮತ್ತೆ ಹಾಡಿ ಕಂಟ್ರಿ ಪಟ್ಟಿಯ ತುದಿಗೆ ಎರಡನೆಯ ಸಲ ಏರಿದ್ದರು. ಸಂಗೀತ ನಿರ್ಮಾಪಕ ಡೇವಿಡ್ ಫಾಸ್ಟರ್ ಹ್ಯೂಸ್ಟನ್‌ಗಾಗಿ ಆಧಾರವಾಗಿ ಹಿಡಿದದ್ದು ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ ರೂಪವನ್ನು. ಅದರಲ್ಲಿ ಕೊನೆಯ ಚರಣವಿರಲಿಲ್ಲ. ಪಾರ್ಟನ್ ಮೂಲದಲ್ಲಿ ಹಾಡದೆ ಮಾತಿನ ಧಾಟಿಯಲ್ಲಿ ನುಡಿದಿದ್ದ, ಹರಕೆಯೆಲ್ಲ ಅಡಗಿರುವ ಆ ಚರಣವನ್ನು ಸೇರಿಸಲೇಬೇಕೆಂದು ಫಾಸ್ಟರ್‌ಗೆ ಫೋನಿನಲ್ಲಿ ತಿಳಿಸಿದವರು ಅವರೇ.