ಗಾಳಿ ಬಂದಾಗ ಮನೆಯಲ್ಲಿ ಯಾರಿದ್ದರು?

ಕೆರಿಬಿಯನ್ ದ್ವೀಪದಲ್ಲಿ ಸಮುದ್ರ ಕಾಣುವ ಮನೆ. ಬಾಡಿಗೆ ಇಲ್ಲ, ಬೆಕ್ಕಿಗೆ ಊಟ ಹಾಕಿ ಗಿಡಗಳಿಗೆ ನೀರು ಬಿಟ್ಟರೆ ಸಾಕು. ಹೌಸ್ ಸಿಟ್ಟಿಂಗ್ ಜಾಹೀರಾತುಗಳಲ್ಲಿ ಇಂಥದ್ದನ್ನು ನೀವೂ ನೋಡಿರಬಹುದು. ಖುಷಿಪಡುವ ಮೊದಲು ತಾರೀಖು ನೋಡಿ. ಆಗಸ್ಟ್, ಸೆಪ್ಟೆಂಬರ್ ಅಂತಿದ್ದರೆ ಮನೆ ಯಾಕೆ ಪುಕ್ಕಟೆ ಅನ್ನೋದು ಗೊತ್ತಾಗುತ್ತೆ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಅಬ್ಬರ ಹೆಚ್ಚೋದು ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ. ಯಜಮಾನರು ಬೇರೆ ಕಡೆ, ಮನೆ ಕಾಯುವವರು ದ್ವೀಪದಲ್ಲಿ.

ಈ ಏರ್ಪಾಡು ಹೊಸದೇನಲ್ಲ. ಹದಿನೆಂಟನೇ ಶತಮಾನದ ಜಮೈಕಾದಲ್ಲಿ ದೊಡ್ಡ ಕಬ್ಬಿನ ತೋಟಗಳ ಎಷ್ಟೋ ಮಾಲೀಕರು ಇಂಗ್ಲೆಂಡಿನಲ್ಲೇ ಇರ್ತಿದ್ದರು. ತೋಟ ನೋಡಿಕೊಳ್ಳಲು ಅಲ್ಲಿ ಒಬ್ಬ ‘ಅಟಾರ್ನಿ’. ವಕೀಲ ಅಂದುಕೊಳ್ಳಬೇಡಿ, ಮಾಲೀಕನ ಪರವಾಗಿ ಎಲ್ಲ ನಿಭಾಯಿಸುವ ಪಾರುಪತ್ತೆಗಾರ. ಗೋಲ್ಡನ್ ಗ್ರೋವ್ ಅನ್ನುವ ತೋಟದ ಮಾಲೀಕ ಚಾಲೋನರ್ ಆರ್ಸೆಡೆಕ್ನ್ ಇಂಗ್ಲೆಂಡಿನಲ್ಲಿದ್ದ. ತೋಟ ನಡೆಸುತ್ತಿದ್ದವನು ಸೈಮನ್ ಟೇಲರ್. ಹೀಗೆ ಬೇರೆಯವರ ಆಸ್ತಿ ಕಾಯುತ್ತಲೇ, ಸ್ವಂತ ತೋಟಗಳನ್ನೂ ಮಾಡಿಕೊಂಡು, 1813ರಲ್ಲಿ ಸಾಯುವ ಹೊತ್ತಿಗೆ ಟೇಲರ್ ಜಮೈಕಾದ ಅತಿ ಶ್ರೀಮಂತರಲ್ಲಿ ಒಬ್ಬನಾಗಿದ್ದ. (ಊರಿನ ಮನೆ ಕೀಲಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಬಂದವರು ನಗಬೇಡಿ.)

‘ಹ್ಯಾಮಿಲ್ಟನ್’ ಮ್ಯೂಸಿಕಲ್ ನೋಡಿದ ಮಕ್ಕಳಿಗೆ ಇನ್ನೊಂದು ಉದಾಹರಣೆ ಗೊತ್ತಿರುತ್ತೆ. ಆಗ ಡೆನ್ಮಾರ್ಕಿನ ವಶದಲ್ಲಿದ್ದ ಸೇಂಟ್ ಕ್ರೋಯ್ ದ್ವೀಪದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒಂದು ವ್ಯಾಪಾರದ ಕೋಠಿಯಲ್ಲಿ ಗುಮಾಸ್ತ. 1771ರಲ್ಲಿ ಯಜಮಾನ ನಿಕೋಲಸ್ ಕ್ರೂಗರ್ ಆರೋಗ್ಯ ಕೆಟ್ಟು ನ್ಯೂಯಾರ್ಕಿಗೆ ಹೋದಾಗ, ಮೀಸೆ ಚಿಗುರುವ ವಯಸ್ಸಿನ ಈ ಹುಡುಗ ತಿಂಗಳುಗಟ್ಟಲೆ ಕೋಠಿ ನಡೆಸಿದ. ಕ್ರೂಗರ್ ವಾಪಸ್ ಬಂದ ಮೇಲೆ, 1772ರ ಆಗಸ್ಟ್ 31ರಂದು ಚಂಡಮಾರುತ ಅಪ್ಪಳಿಸಿತು. ಹ್ಯಾಮಿಲ್ಟನ್ ಅದರ ಬಗ್ಗೆ ಬರೆದ ಪತ್ರ ಅಕ್ಟೋಬರ್‌ನಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು, ಓದಿ ಮೆಚ್ಚಿದವರು ಹಣ ಕೂಡಿಸಿ ಅವನನ್ನು ಓದಲು ಅಮೆರಿಕಕ್ಕೆ ಕಳಿಸಿದರು. ಆದರೆ ಆ ರಾತ್ರಿ ದ್ವೀಪದಲ್ಲಿದ್ದವರಲ್ಲಿ ಬಹುಪಾಲು ಗುಲಾಮರು. ಹಾಗೆ ಪತ್ರ ಬರೆದು ದ್ವೀಪ ಬಿಟ್ಟು ಹೊರಡುವ ದಾರಿ ಅವರಿಗಿರಲಿಲ್ಲ.

ಎಂಟು ವರ್ಷದ ನಂತರ ಬಂದದ್ದು ಇನ್ನೂ ಭೀಕರ. 1780ರ ಅಕ್ಟೋಬರ್ 3ರಂದು ಜಮೈಕಾದ ಸವಾನಾ-ಲಾ-ಮಾರ್ ಊರನ್ನು ಸಮುದ್ರ ಬಳಿದುಕೊಂಡು ಹೋಯಿತು. ಒಂದೇ ವಾರದಲ್ಲಿ ಬಾರ್ಬಡೋಸ್, ಮಾರ್ಟಿನಿಕ್ ಕಡೆ ಮತ್ತೊಂದು. ಅದರಲ್ಲಿ ಸುಮಾರು 22,000 ಜನ ಸತ್ತರು ಅನ್ನೋದು ಒಪ್ಪಿತ ಅಂದಾಜು. ಲಂಡನ್ನಿನ ಸಂಸತ್ತು ಬಾರ್ಬಡೋಸ್‌ಗೆ 80,000 ಪೌಂಡ್, ಜಮೈಕಾಕ್ಕೆ 40,000 ಪೌಂಡ್ ಪರಿಹಾರ ಮಂಜೂರು ಮಾಡಿತು.

ಜಮೈಕಾದಲ್ಲಿ ಜನ ಸತ್ತದ್ದು ಗಾಳಿಯಿಂದ ಮಾತ್ರ ಅಲ್ಲ. ಅಲ್ಲಿನ ಮಾಲೀಕರು ಗುಲಾಮರಿಗೆ ಪೂರ್ತಿ ಪಡಿ ಕೊಡುತ್ತಿರಲಿಲ್ಲ; ಗುಡ್ಡದ ಕಡೆ ತುಂಡು ನೆಲ ಕೊಟ್ಟು, ಬಿಡುವಿನಲ್ಲಿ ಬೆಳೆದುಕೊಂಡು ತಿನ್ನಿ ಅನ್ನುತ್ತಿದ್ದರು. ಅವರ ಮುಖ್ಯ ಆಹಾರಗಳಲ್ಲಿ ಒಂದು ಬಾಳೆ. ದೊಡ್ಡ ಗಾಳಿಗೆ ಬಾಳೆತೋಟ ಏನಾಗುತ್ತೆ ಅಂತ ನಿಮ್ಮ ಅಜ್ಜಿಯನ್ನು ಕೇಳಿ. ಮತ್ತೆ ನೆಟ್ಟು ಗೊನೆ ಬರೋದಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. 1780ರಿಂದ 1786ರೊಳಗೆ ಅಲ್ಲಿಗೆ ಬಂದದ್ದು ಐದು ಚಂಡಮಾರುತ! ಉತ್ತರ ಅಮೆರಿಕದಿಂದ ಬರುತ್ತಿದ್ದ ಜೋಳ, ಒಣಮೀನು ಯುದ್ಧದಿಂದ ನಿಂತಿತ್ತು. ಯುದ್ಧ ಮುಗಿದ ಮೇಲೆ, 1783ರಲ್ಲಿ, ಅಮೆರಿಕದ ಹಡಗುಗಳು ತನ್ನ ದ್ವೀಪಗಳಿಗೆ ಬರಬಾರದು ಅಂತ ಬ್ರಿಟನ್ನೇ ತಡೆ ಹಾಕಿತು.

ಆ ವರ್ಷಗಳಲ್ಲಿ ಹಸಿವಿನಿಂದ, ಹಸಿವು ತಂದ ರೋಗದಿಂದ 15,000 ಗುಲಾಮರು ಸತ್ತರು ಎಂದು ಜಮೈಕಾದ ಅಸೆಂಬ್ಲಿ ಲೆಕ್ಕ ಕೊಟ್ಟಿತು. ದಿನವಿಡೀ ಡೇಟಾ ಜೊತೆ ಕೂರುವ ನನಗೆ ಇಷ್ಟು ದುಂಡಗಿನ ಸಂಖ್ಯೆ ಕಂಡರೆ ಮೊದಲು ಬರುವ ಪ್ರಶ್ನೆ: ಎಣಿಸಿದವರು ಯಾರು, ಯಾಕೆ ಎಣಿಸಿದರು? ಅಸೆಂಬ್ಲಿಯಲ್ಲಿ ಕೂತಿದ್ದವರು ತೋಟದವರೇ. ಅಮೆರಿಕದ ಜೊತೆ ವ್ಯಾಪಾರಕ್ಕೆ ಹಾಕಿದ್ದ ತಡೆ ತೆಗೆಸಬೇಕಿತ್ತು, ಅದಕ್ಕೆ ಈ ಸಾವುಗಳು ಸಾಕ್ಷಿಯಾಗಿ ಬೇಕಾದವು. ಲೆಕ್ಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಗುಲಾಮರಿಗೆ ಹೊಟ್ಟೆತುಂಬ ಊಟ ಕೊಡದ ವ್ಯವಸ್ಥೆಯನ್ನು ನಡೆಸಿದವರೇ ಎಣಿಸಿ ಕೊಟ್ಟ ಸಂಖ್ಯೆ ಅದು, ಅಷ್ಟೇ. ತೋಟಗಳ ದಫ್ತರಗಳಲ್ಲೂ ಇದೇ ಕಥೆ: ವರ್ಷಕ್ಕೊಮ್ಮೆ ‘ಹೆಚ್ಚಿದ್ದು, ಕಡಿಮೆಯಾದದ್ದು’ ಅಂತ ಪಟ್ಟಿ, ಅದರಲ್ಲಿ ಗುಲಾಮರು ಮತ್ತು ದನಗಳ ಲೆಕ್ಕ ಅಕ್ಕಪಕ್ಕ.

ಇಂದಿನ ಹೌಸ್ ಸಿಟ್ಟರ್‌ನನ್ನು ಇವರಿಗೆ ಹೋಲಿಸೋದು ತಪ್ಪು. ನಿಮ್ಮ ಹತ್ತಿರ ಪಾಸ್‌ಪೋರ್ಟ್ ಇದೆ, ಮುನ್ಸೂಚನೆ ಇದೆ, ಐದು ದಿನ ಮೊದಲೇ ವಿಮಾನ ಹತ್ತಬಹುದು. ಆ ಮನೆಯ ಅಂಗಳ ಗುಡಿಸುವವರಿಗೆ, ಪಕ್ಕದ ಬೀದಿಯ ಕಿರಾಣಿ ಅಂಗಡಿಯವರಿಗೆ ಅದು ಅಷ್ಟು ಸುಲಭವಲ್ಲ. ಹಾಗಾಗಿ ಹೋಗುವುದೇ ಆದರೆ ಅವರನ್ನು ಮೊದಲು ಪರಿಚಯ ಮಾಡಿಕೊಳ್ಳಿ. ವರ್ಜಿನ್ ದ್ವೀಪಗಳಲ್ಲಿ ಬಹುತೇಕ ಮನೆಗಳಿಗೆ ನೀರು ಸಿಗೋದು ಸೂರಿನ ಮಳೆನೀರು ತುಂಬುವ ತೊಟ್ಟಿಯಿಂದ. ಗಾಳಿ ಬರುವ ಮೊದಲು ಆ ಕೊಳವೆ ಮುಚ್ಚಬೇಕು, ಇಲ್ಲದಿದ್ದರೆ ಕಸವೂ ಉಪ್ಪುನೀರೂ ಒಳಗೆ ಸೇರುತ್ತೆ. ಯಾವ ಕೊಳವೆ ಅಂತ ಯಜಮಾನರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.